ಗಾಲಿಕುರ್ಚಿ ಉರುಳಬೇಕು, ಗೊಂಬೆ ಕೆಳಗಿಳಿಯಬೇಕು

ಅಂಗನವಾಡಿಯ ಆಟಿಕೆ ಪೆಟ್ಟಿಗೆಯನ್ನು ಚಾಪೆಯ ಮೇಲೆ ಸುರಿದರೆ ಸಾಮಾನ್ಯವಾಗಿ ಬೀಳುವುದು ಇಷ್ಟು: ಒಂದು ಅಡುಗೆ ಸೆಟ್ಟು, ಚಕ್ರ ಹೋದ ಎರಡು ಲಾರಿ, ಪ್ಲಾಸ್ಟಿಕ್ಕಿನ ಆನೆ, ಗುಲಾಬಿ ಮೈಬಣ್ಣದ ನಾಲ್ಕೈದು ಗೊಂಬೆ. ಅವುಗಳಲ್ಲಿ ಒಂದರ ಕಾಲು ಕಿತ್ತುಹೋಗಿರುತ್ತದೆ. ಹಾಳಾಯಿತು ಎಂದು ಅದನ್ನು ಮೂಲೆಗೆ ಹಾಕಿರುತ್ತಾರೆ. ಒಂದು ಕಾಲಿನ ಗೊಂಬೆ ಎಂದರೆ ಹಾಳಾದ ಗೊಂಬೆ ಎಂದು ಮೂರು ವರ್ಷದ ಮಗು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತದೆ.

ಆ ಗೊಂಬೆಯನ್ನು ಎಸೆಯಬೇಡಿ. ಅದರ ಕೆಲಸ ಮುಂದೆ ಇದೆ. ಅಂಗವೈಕಲ್ಯವಿರುವ ಮಕ್ಕಳನ್ನು ಹೋಲುವ ಗೊಂಬೆಗಳನ್ನು ಅಂಗನವಾಡಿಗೆ ನಾವೇ ಮಾಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಕಡೆಯವರಿಗೆ ಈ ವಿಷಯದ ಪೀಠಿಕೆ ಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು 2000ದಲ್ಲಿ ನಿಂತಿತು. ಅದರ ಪರಿಣಾಮ ಮಕ್ಕಳ ಅಂಗವೈಕಲ್ಯವಾಗಿ ಮನೆಗಳೊಳಗೆ ಉಳಿಯಿತು. ಪಂಚಾಯತುಗಳಲ್ಲಿ ಇಂಥ ಮಕ್ಕಳಿಗಾಗಿ ಬಡ್ಸ್ ಎಂಬ ವಿಶೇಷ ಶಾಲೆಗಳಿವೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೆ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಟೀಚರ್ ಹೋಗುತ್ತಾರೆ. ಆದರೆ ಹೊರಗಿನವರಿಗೆ ಈ ಮಕ್ಕಳ ಪರಿಚಯ ಆದದ್ದು ಪತ್ರಿಕೆಯ ಫೋಟೋಗಳಿಂದ: ಚಾಪೆಯಲ್ಲಿ ಮಲಗಿದ ಮಗು, ಪಕ್ಕದಲ್ಲಿ ಕಣ್ಣೊರಸುವ ಅಮ್ಮ. ಅದೇ ಮಗು ಬಳೆಯ ಸದ್ದಿಗೆ ನಗುತ್ತದೆ, ತಂಗಿ ಗೊಂಬೆ ಕಸಿದರೆ ಕಿರುಚುತ್ತದೆ ಎಂಬುದು ಫೋಟೋದಲ್ಲಿ ಬರಲಿಲ್ಲ. ಗೊಂಬೆ ಮಾಡುವವರು ಆ ಫೋಟೋವನ್ನೇ ಬಟ್ಟೆಯಲ್ಲಿ ಹೊಲಿಯಬಾರದು. ಗೊಂಬೆಗೆ ಕಾಯಿಲೆ ಕೊಡುವ ಬದಲು ಏನಾದರೂ ಕೆಲಸ ಕೊಡಿ. ಅದು ಅಂಗಡಿಗೆ ಹೋಗಲಿ, ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳ ಮಾಡಲಿ, ತಮ್ಮನಿಗೆ ಸುಳ್ಳು ಅನ್ನ ಬಡಿಸಲಿ.

ನಮ್ಮ ಕಥೆಗಳೂ ಈ ವಿಷಯದಲ್ಲಿ ಸಾಧುವಲ್ಲ. ಯಕ್ಷಗಾನದ ಆಟದಲ್ಲಾಗಲಿ, ತಾಳಮದ್ದಳೆಯಲ್ಲಾಗಲಿ ಮಂಥರೆಯ ಗೂನು ಅವಳ ಬುದ್ಧಿಯ ಗುರುತು, ಧೃತರಾಷ್ಟ್ರನ ಕುರುಡು ಅವನ ಮೋಹದ ಗುರುತು. ಸೊಗಸಾದ ಅರ್ಥಗಾರಿಕೆ, ಒಪ್ಪೋಣ. ಮಗುವಿನ ಕೈಗೆ ಸಿಗುವ ಗೊಂಬೆಗೆ ಮಾತ್ರ ಅಂಥ ಅರ್ಥ ಬೇಡ.

ದೊಡ್ಡ ಕಂಪನಿಗಳು ಇದನ್ನು ಎಡವುತ್ತಾ ಕಲಿತವು. ಬಾರ್ಬಿ ಗೊಂಬೆಯ ಕಂಪನಿ ಮ್ಯಾಟೆಲ್ 1997ರಲ್ಲಿ ಗಾಲಿಕುರ್ಚಿಯಲ್ಲಿ ಕೂತ ಬೆಕಿ ಎಂಬ ಗೊಂಬೆ ತಂದಿತು. ಅದೇ ಕಂಪನಿ ಮಾರುತ್ತಿದ್ದ ಬಾರ್ಬಿಯ ಮನೆಯ ಲಿಫ್ಟಿನೊಳಗೆ ಆ ಕುರ್ಚಿ ಹಿಡಿಸಲಿಲ್ಲ! ಕೊನೆಗೆ ಗೊಂಬೆಯೇ ಮಾರುಕಟ್ಟೆಯಿಂದ ಹೋಯಿತು. 2015ರಲ್ಲಿ ಬ್ರಿಟನ್ನಿನಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ಹೋಲುವ ಆಟಿಕೆಗಳೂ ಬೇಕೆಂದು ‘ಟಾಯ್ ಲೈಕ್ ಮಿ’ ಎಂಬ ಅಭಿಯಾನ ಶುರುವಾಯಿತು. 2016ರಲ್ಲಿ ಲೆಗೊ ಗಾಲಿಕುರ್ಚಿಯ ಪುಟ್ಟ ಮನುಷ್ಯನನ್ನು ತಂದಿತು. 2019ರಲ್ಲಿ ಬಾರ್ಬಿಗೆ ಗಾಲಿಕುರ್ಚಿಯೂ ಕಳಚಿ ಹಾಕಬಹುದಾದ ಕೃತಕ ಕಾಲೂ ಬಂದವು; ಈ ಸಲ ಕುರ್ಚಿಯ ಜೊತೆ ಇಳಿಜಾರು ಹಲಗೆಯನ್ನೂ ಕೊಟ್ಟರು. ಆಮೇಲೆ 2022ರಲ್ಲಿ ಶ್ರವಣ ಯಂತ್ರ, 2023ರಲ್ಲಿ ಡೌನ್ ಸಿಂಡ್ರೋಮ್, 2024ರಲ್ಲಿ ಬಿಳಿ ಕೋಲು ಹಿಡಿದ ಕುರುಡು ಬಾರ್ಬಿ. ಚೆನ್ನಾಗಿಯೇ ಇವೆ. ಆದರೆ ಅಂಗನವಾಡಿಯ ಚಾಪೆಗೆ ಸೂಜಿ ದಾರದಿಂದ ಮಾಡಿದ ಸುಮಾರು 40 ಸೆಂಟಿಮೀಟರ್ ಎತ್ತರದ ಬಟ್ಟೆಗೊಂಬೆಯೇ ಹೆಚ್ಚು ಹೊಂದುತ್ತದೆ. ಬಿದ್ದರೆ ಒಡೆಯುವುದಿಲ್ಲ, ತೊಳೆಯಬಹುದು, ಕೈ ಬಿಗಿಯಾದ ಮಗುವೂ ಅಪ್ಪಿ ಹಿಡಿಯಬಹುದು.

ಮೈ, ಬಣ್ಣ, ಮುಖ

ಒಂದು ಮೀಟರ್ ಅಗಲದ ದಪ್ಪ ಹತ್ತಿ ಬಟ್ಟೆ ಅರ್ಧ ಮೀಟರ್ ಇದ್ದರೆ ಎರಡು ಗೊಂಬೆಗೆ ಸಾಕು. ಮೊದಲು ಒಗೆದು ಒಣಗಿಸಿ. ಒಗೆಯದೆ ಕತ್ತರಿಸಿದರೆ ಮೊದಲನೇ ಸಲ ನೀರಿಗೆ ಬಿದ್ದಾಗ ಬಟ್ಟೆ ಕುಗ್ಗಿ ಹೊಲಿಗೆ ಸುಕ್ಕಾಗುತ್ತದೆ. ತಲೆ ಮತ್ತು ಮುಂಡಕ್ಕೆ ಒಟ್ಟಾಗಿ 22ಕ್ಕೆ 14 ಸೆಂ.ಮೀ. ಎರಡು ತುಂಡು, ಕೈಗಳಿಗೆ 15ಕ್ಕೆ 6ರ ನಾಲ್ಕು, ಕಾಲುಗಳಿಗೆ 19ಕ್ಕೆ 7ರ ನಾಲ್ಕು. ಅಂಚಿಗೆ 7 ಮಿ.ಮೀ. ಬಿಟ್ಟು ಸಣ್ಣ ಹೊಲಿಗೆಯಲ್ಲಿ ಎರಡು ಸುತ್ತು ಹೊಲಿಯಿರಿ.

ಅಂಗಡಿಯಲ್ಲಿ ‘ಸ್ಕಿನ್ ಕಲರ್’ ಕೇಳಿದರೆ ಕೊಡುವುದು ತೆಳು ಗುಲಾಬಿ. ಅದು ಯಾರ ಸ್ಕಿನ್ನೋ! ಬಿಳಿ ಬಟ್ಟೆ ತಂದು ಚಹಾದಲ್ಲಿ ಅದ್ದಿ. ಒಂದು ಲೀಟರ್ ನೀರಿಗೆ 40 ಗ್ರಾಂ ಚಹಾಪುಡಿ ಹಾಕಿ ಹತ್ತು ನಿಮಿಷ ಕುದಿಸಿ, ಸೋಸಿ, ಅರ್ಧ ಚಮಚ ಪಟಿಕ ಕರಗಿಸಿ, ಒದ್ದೆ ಬಟ್ಟೆಯನ್ನು ಮುಕ್ಕಾಲು ಗಂಟೆ ಮುಳುಗಿಸಿಡಿ. ನಡುನಡುವೆ ತಿರುವುತ್ತಿರಬೇಕು, ಇಲ್ಲದಿದ್ದರೆ ಮಡಿಕೆಗಳಲ್ಲಿ ಪಟ್ಟೆ ಬೀಳುತ್ತದೆ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ಒದ್ದೆಯಲ್ಲಿ ಸ್ವಲ್ಪ ಹೆಚ್ಚೇ ಕಪ್ಪಗೆ ಕಂಡಾಗ ತೆಗೆಯಿರಿ. ಇನ್ನೂ ಗಾಢ ಬೇಕಿದ್ದರೆ ಎರಡನೇ ಸಲ ಅದ್ದಿ. ಮಲೆನಾಡಿನವರು ಅಡಿಕೆ ಬೇಯಿಸಿದ ನೀರಿನಿಂದ ಸಿಗುವ ಚೊಗರಿನಲ್ಲಿ ಬಣ್ಣ ಕಟ್ಟುತ್ತಾರೆ. ನಮ್ಮ ಕಡೆ ಅಡಿಕೆ ಬೇಯಿಸದೆ ಹಾಗೇ ಒಣಗಿಸಿ ಚಾಲಿಗೇ ಹೋಗುವುದರಿಂದ ಚೊಗರು ಹುಡುಕಿಕೊಂಡು ಅಲೆಯಬೇಡಿ.

ಒಳಗೆ ತುಂಬಲು ಬೂರುಗದ ಹತ್ತಿ ಬೇಡ. ಒಂದು ಮಳೆಗಾಲದಲ್ಲಿ ಮುದ್ದೆಯಾಗಿ ವಾಸನೆ ಹಿಡಿಯುತ್ತದೆ. ಜೊಲ್ಲು ಸುರಿಸುವ ಮಕ್ಕಳ ಕೈಯಲ್ಲಿ ಗೊಂಬೆ ವಾರಕ್ಕೊಮ್ಮೆಯಾದರೂ ಒದ್ದೆಯಾಗುವುದು ಖಂಡಿತ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ಒಂದು ಗೊಂಬೆಗೆ ಸುಮಾರು 150 ಗ್ರಾಂ ಹಿಡಿಯುತ್ತದೆ. ಕುತ್ತಿಗೆ ಓಲಾಡದಿರಲು ಎದೆಯಿಂದ ತಲೆಯವರೆಗೆ ಹಳೆ ಬೈರಾಸಿನ (ಟವೆಲಿನ) ಬಿಗಿ ಸುರುಳಿಯೊಂದನ್ನು ನಡುವೆ ಇಡಿ. ಕೋಲು, ತಂತಿ ಇಡಬೇಡಿ. ಸೊಂಟದಲ್ಲೂ ಮೊಣಕಾಲಲ್ಲೂ ನಾರಿಲ್ಲದ ಒಂದು ಬೆರಳಗಲದ ಜಾಗ ಬಿಟ್ಟು ಅಡ್ಡ ಹೊಲಿಗೆ ಹಾಕಿದರೆ ಗೊಂಬೆ ಕೂರುತ್ತದೆ. ಇದನ್ನು ಮರೆತರೆ ಗಾಲಿಕುರ್ಚಿಯಲ್ಲಿ ಅದು ಹಲಗೆಯಂತೆ ಒರಗಿ ಜಾರುತ್ತದೆ.

ಇನ್ನೊಂದು ಲೆಕ್ಕದಲ್ಲಿ ಹೊಸಬರು ತಪ್ಪುತ್ತಾರೆ. ಚಪ್ಪಟೆ ಚೀಲ ತುಂಬಿ ಉರುಟಾದಾಗ ಅಗಲ ಮೂರನೇ ಒಂದಂಶ ಕಡಿಮೆಯಾಗುತ್ತದೆ: 12 ಸೆಂ.ಮೀ.ಯ ಸೊಂಟ 8ಕ್ಕೆ ಇಳಿಯುತ್ತದೆ. ಕುರ್ಚಿ, ಪಟ್ಟಿ, ಬೂಟು ಎಲ್ಲದರ ಅಳತೆಯನ್ನು ತುಂಬಿದ ಮೇಲೆಯೇ ತೆಗೆದುಕೊಳ್ಳಿ.

ಕಣ್ಣು ಮೂಗು ಬಾಯಿ ಎಲ್ಲವೂ ದಾರದ ಕಸೂತಿಯಲ್ಲಿರಲಿ. ಮಣಿ ಬೇಡ, ಗುಂಡಿ ಬೇಡ. ಗುಲಗಂಜಿಯಂತೂ ಬೇಡವೇ ಬೇಡ. ಕೆಂಪು ಕಾಳಿನ ಕಪ್ಪು ಚುಕ್ಕೆ ಗೊಂಬೆಯ ಕಣ್ಣಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ನಿಜ. ಆದರೆ ಅದರೊಳಗಿನ ಅಬ್ರಿನ್ ಕಡು ವಿಷ, ಕಾಳನ್ನು ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಚೆನ್ನೆಮಣೆ ಆಟದ ಕೆಂಪು ಕಾಳು ಮಂಜೊಟ್ಟಿ ಬೇರೆ, ಗುಲಗಂಜಿ ಬೇರೆ. ಆದರೂ ಮೂರು ವರ್ಷದೊಳಗಿನ ಮಕ್ಕಳಿಗೆ ಯಾವ ಕಾಳೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಡೌನ್ ಸಿಂಡ್ರೋಮ್ ಇರುವ ಮಗುವಿನ ಗೊಂಬೆಯಲ್ಲಿ ಕೈ ಹೆಚ್ಚು ಓಡಿಸಬೇಡಿ. ಕಣ್ಣಿನ ಹೊರತುದಿ ತುಸು ಮೇಲಕ್ಕೆ, ಮೂಗು ಚಿಕ್ಕದು, ಕಿವಿ ಚಿಕ್ಕದು, ಕುತ್ತಿಗೆ ಗಿಡ್ಡ, ಕೈಕಾಲು ಒಂದೂವರೆ ಸೆಂ.ಮೀ. ಕಡಿಮೆ. ಅಷ್ಟೇ. ನಾಲಗೆ ಹೊರಚಾಚಿದ ಹಾಗೆ ಹೊಲಿಯುವವರಿದ್ದಾರೆ; ಅದು ಅಣಕ. ತಲೆ ದೊಡ್ಡದಿರುವ ಮಗುವಿನ ಗೊಂಬೆ ಮಾಡಬೇಕೇ ಎಂದು ಈ ಭಾಗದಲ್ಲಿ ಕೇಳುವುದುಂಟು. ಆ ಮಗುವಿನ ಮನೆಯವರು ಬೇಕೆಂದರೆ ಮಾಡಿ. ನಾವಾಗಿ ಮಾಡಿ ಪ್ರದರ್ಶನಕ್ಕಿಡುವುದು ನನಗೆ ಸರಿಕಾಣುವುದಿಲ್ಲ.

ಕಿವಿಗೆ, ಕಾಲಿಗೆ, ಕೈಗೆ

ಶ್ರವಣ ಯಂತ್ರ ಮತ್ತು ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎರಡನ್ನೂ ಒಂದೇ ಎಂದು ಹೊಲಿದುಬಿಡುತ್ತಾರೆ. ಕೇರಳದಲ್ಲಿ ಶ್ರುತಿತರಂಗಂ ಎಂಬ ಸರಕಾರಿ ಯೋಜನೆಯಿಂದ ಸಣ್ಣ ಮಕ್ಕಳಿಗೆ ಇಂಪ್ಲಾಂಟ್ ಆಗುತ್ತಿದೆ, ಆದ್ದರಿಂದ ವ್ಯತ್ಯಾಸ ಗೊತ್ತಿರಬೇಕು. ಶ್ರವಣ ಯಂತ್ರದಲ್ಲಿ ಕಿವಿಯ ಹಿಂದೆ ಬಾಳೆಹಣ್ಣಿನಂತೆ ಬಾಗಿದ ತುಂಡು, ಅಲ್ಲಿಂದ ಸಣ್ಣ ನಳಿಗೆ ಕಿವಿಯೊಳಗಿನ ಅಚ್ಚಿಗೆ ಹೋಗುತ್ತದೆ. ಇಂಪ್ಲಾಂಟಿನಲ್ಲಿ ಕಿವಿಯ ಹಿಂದಿನ ತುಂಡಿನಿಂದ ವಯರೊಂದು ಹೊರಟು, ಕಿವಿಯ ಹಿಂದೆ ತುಸು ಮೇಲೆ ತಲೆಗೆ ಅಂಟಿದ ದುಂಡು ಬಿಲ್ಲೆಗೆ ಸೇರುತ್ತದೆ. ಬಿಲ್ಲೆಯನ್ನು ನೆತ್ತಿಯ ಮೇಲೆ ಇಡುವುದು ಸಾಮಾನ್ಯ ತಪ್ಪು. ನಿಜವಾದದ್ದರಲ್ಲಿ ಬಿಲ್ಲೆ ಆಯಸ್ಕಾಂತದಿಂದ ನಿಲ್ಲುತ್ತದೆ ಎಂದು ಗೊಂಬೆಗೂ ಆಯಸ್ಕಾಂತ ಹಾಕಬೇಡಿ. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ನಡುವೆ ಅವು ಪರಸ್ಪರ ಹಿಡಿದುಕೊಂಡು ರಂಧ್ರ ಮಾಡುತ್ತವೆ. ಫೆಲ್ಟ್ ಬಟ್ಟೆಯ ಬಿಲ್ಲೆಗೆ ವೆಲ್ಕ್ರೋ ಸಾಕು. ಮೂರು ದಾಟಿದವರ ಗೊಂಬೆಗೆ ಟಿಚ್ ಬಟನ್ ಆದೀತು. ನಿಜವಾದ ಯಂತ್ರದ ಹಳೆ ಬ್ಯಾಟರಿಯನ್ನೂ ಆಟಕ್ಕೆ ಕೊಡಬಾರದು. ಮತ್ತೆ, ಗೊಂಬೆಯ ಕೂದಲನ್ನು ಎರಡು ಜುಟ್ಟು ಮಾಡಿ ಕಿವಿ ಕಾಣುವಂತೆ ಕಟ್ಟಿ. ಇಷ್ಟೆಲ್ಲ ಮಾಡಿ ಉಣ್ಣೆಯ ಕೂದಲಿನಡಿ ಮುಚ್ಚಿಬಿಟ್ಟರೆ ಏನು ಬಂತು?

ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಅಥವಾ ಪಾದದ ಸ್ಪ್ಲಿಂಟಿಗೆ 2 ಮಿ.ಮೀ. ಫೋಮ್ ಶೀಟು. ಪಾದದ ಅಡಿಯಿಂದ ಹಿಮ್ಮಡಿ ಸುತ್ತಿ ಕಾಲಿನ ಹಿಂಭಾಗದಲ್ಲಿ ಮೇಲೆ ಬಂದು ಮೊಣಕಾಲಿಗಿಂತ ಒಂದು ಸೆಂ.ಮೀ. ಕೆಳಗೆ ನಿಲ್ಲಬೇಕು. ಮೊಣಕಾಲಿಗೆ ತಾಗಿದರೆ ಗೊಂಬೆ ಕೂರುವಾಗ ಕಳಚುತ್ತದೆ. ಮಕ್ಕಳ ನಿಜವಾದ ಸ್ಪ್ಲಿಂಟಿನಲ್ಲೂ ಇದೇ ನಿಯಮ. ಎರಡು ವೆಲ್ಕ್ರೋ ಪಟ್ಟಿ, ಮೆತ್ತನೆಯ ಬದಿ ಕಾಲಿನ ಕಡೆಗೆ. ಬೂಟು ಅದರ ಮೇಲೆ ಬರಬೇಕಾದ್ದರಿಂದ ಆ ಕಾಲಿನ ಬೂಟು ಇನ್ನೊಂದಕ್ಕಿಂತ ದೊಡ್ಡದಿರಲಿ. ಸ್ಪ್ಲಿಂಟ್ ಹಾಕುವ ಮಗು ಇದನ್ನು ತಕ್ಷಣ ಗುರುತಿಸುತ್ತದೆ, ಬೇರೆ ಯಾರೂ ಗಮನಿಸುವುದಿಲ್ಲ.

ಬಿಳಿ ಕೋಲು ಅಜ್ಜನ ಊರುಗೋಲಲ್ಲ, ಅದಕ್ಕೆ ಬಾಗಿದ ಹಿಡಿ ಇರುವುದಿಲ್ಲ. ನೆಟ್ಟಗೆ, ಬಿಳಿ, ತುದಿಯ ಕಡೆ ಕೆಂಪು, ಉದ್ದ ಎದೆಯ ಎಲುಬಿನವರೆಗೆ. ನಮ್ಮ ಗೊಂಬೆಗೆ 28 ಸೆಂ.ಮೀ. ಆದೀತು. ಹಿಡಿಸೂಡಿ ಕಡ್ಡಿಗೆ ಬಿಳಿ ಕಾಗದ ಸುತ್ತಿದರೆ ಸುಲಭ, ಆದರೆ ಕಣ್ಣಿಗೆ ಚುಚ್ಚುತ್ತದೆ. ಬಟ್ಟೆಯನ್ನು ಬಿಗಿಯಾಗಿ ಬೆರಳು ದಪ್ಪಕ್ಕೆ ಸುತ್ತಿ ಹೊಲಿದರೆ ನೆಟ್ಟಗೇ ನಿಲ್ಲುತ್ತದೆ.

ಈಗ ಮೂಲೆಯಲ್ಲಿರುವ ಒಂದು ಕಾಲಿನ ಪ್ಲಾಸ್ಟಿಕ್ ಗೊಂಬೆ. ಸೊಂಟದ ತೂತಿಗೆ ಬಟ್ಟೆ ತುರುಕಿ ಬಿಗಿ ಮಾಡಿ, ಮೇಲೆ ಹಳೆ ಸಾಕ್ಸಿನ ತುಂಡಿನಿಂದ ಟೊಪ್ಪಿ ಹೊಲಿಯಿರಿ. ಕಾಲು ಕಳೆದುಕೊಂಡವರು ಕೃತಕ ಕಾಲಿನ ಒಳಗೆ ಇಂಥದೇ ಸಾಕ್ಸು ಹಾಕುತ್ತಾರೆ. ಆಮೇಲೆ ಬಟ್ಟೆಯ ಕಾಲೊಂದನ್ನು ವೆಲ್ಕ್ರೋದಿಂದ ಅದಕ್ಕೆ ಸೇರಿಸಿ. ಕಡಲ್ಗಳ್ಳನ ಮರದ ಕೋಲಿನ ಹಾಗೆ ಮಾಡಬೇಡಿ, ಪಾದ ಇರಲಿ. 1968ರಲ್ಲಿ ರೂಪುಗೊಂಡ ಜೈಪುರ ಪಾದದ ಗುಣವೇ ಬರಿಗಾಲಿನಂತೆ ಕಾಣುವುದು, ಚಕ್ಕಳಮಕ್ಕಳ ಕೂರಲು ಬಿಡುವುದು. ಊರುಗೋಲು ಬೇಕಿದ್ದರೆ ಅದರ ಮೇಲ್ತುದಿ ಕಂಕುಳಿಗಿಂತ ಒಂದು ಸೆಂ.ಮೀ. ಕೆಳಗೆ ಇರಬೇಕು, ಭಾರ ಬೀಳಬೇಕಾದ್ದು ಕೈಯ ಮೇಲೆ.

ಗಾಲಿಕುರ್ಚಿ

ಹೆಚ್ಚು ಹಾಳಾಗುವುದೂ ಹೆಚ್ಚು ಆಡುವುದೂ ಇದನ್ನೇ. 6 ಮಿ.ಮೀ. ಪ್ಲೈವುಡ್ ಸಾಕು. ಬದಿ ಹಲಗೆ ಎರಡು (ಅಗಲ 10, ಎತ್ತರ 12 ಸೆಂ.ಮೀ.), ಕೆಳಹಲಗೆ ಒಂದು (9ಕ್ಕೆ 14), ಸೀಟು 9ಕ್ಕೆ 8, ಬೆನ್ನು 9ಕ್ಕೆ 14. ಕೆಳಹಲಗೆಯ ಮುಂದಿನ 4 ಸೆಂ.ಮೀ. ಹೊರಗೆ ಚಾಚಿ ಪಾದ ಇಡುವ ಜಾಗವಾಗುತ್ತದೆ. ಒಳ ಅಗಲ 9 ಎಂದರೆ ಗೊಂಬೆಯ ಸೊಂಟಕ್ಕಿಂತ ಒಂದೇ ಸೆಂ.ಮೀ. ಹೆಚ್ಚು. ಸಡಿಲ ಬಿಟ್ಟರೆ ಗೊಂಬೆ ಒಂದು ಬದಿಗೆ ವಾಲುತ್ತದೆ. ಸೀಟನ್ನು ಪಾದದ ಹಲಗೆಯಿಂದ 9 ಸೆಂ.ಮೀ. ಮೇಲೆ ಕೂರಿಸಿ, ಹಿಂಭಾಗ ತುಸು ತಗ್ಗಿರಲಿ.

ಮುಂದಿನ ಚಕ್ರಕ್ಕೆ ಹಾರ್ಡ್‌ವೇರ್ ಅಂಗಡಿಯ 25 ಮಿ.ಮೀ. ತಿರುಗುವ ಕ್ಯಾಸ್ಟರ್ ಎರಡು. ಸ್ಥಿರ ಚಕ್ರ ಹಾಕಿದರೆ ಕುರ್ಚಿ ನೆಟ್ಟಗೆ ಮಾತ್ರ ಹೋಗುತ್ತದೆ. ತಿರುಗಿಸಬೇಕಾದಾಗ ಮಗು ಗೊಂಬೆ ಸಮೇತ ಎತ್ತಿ ಇಡುತ್ತದೆ, ಅಲ್ಲಿಗೆ ಗಾಲಿಕುರ್ಚಿಯ ಅರ್ಥವೇ ಮುಗಿಯಿತು. ಹಿಂದಿನ ಚಕ್ರ 12 ಸೆಂ.ಮೀ. ವ್ಯಾಸದ ಪ್ಲೈವುಡ್ ಬಿಲ್ಲೆ. ತೆಳು ಬಿಲ್ಲೆ ಬೋಲ್ಟಿನ ಮೇಲೆ ಓಲಾಡುತ್ತದೆ, ಅದಕ್ಕೆ ನಡುವೆ 3 ಸೆಂ.ಮೀ.ಯ ಇನ್ನೊಂದು ಬಿಲ್ಲೆ ಅಂಟಿಸಿ ದಪ್ಪ ಮಾಡಿ. 5 ಮಿ.ಮೀ. ದಪ್ಪ, 30 ಮಿ.ಮೀ. ಉದ್ದದ ಬೋಲ್ಟು, ಚಕ್ರದ ಎರಡೂ ಬದಿಗೆ ವಾಷರು, ಕೊನೆಗೆ ತಾನಾಗಿ ಸಡಿಲವಾಗದ ನೈಲಾಕ್ ನಟ್ಟು. ಸಾದಾ ನಟ್ಟು ಚಕ್ರ ತಿರುಗಿದಂತೆ ತಾನೂ ಬಿಚ್ಚಿಕೊಂಡು ಮೂರನೇ ದಿನ ಕಾಣೆಯಾಗುತ್ತದೆ, ಯಾರ ಬಾಯಿಗೆ ಹೋಯಿತೋ ಎಂದು ಹುಡುಕುವ ಪಾಡು ಬೇರೆ. ನಟ್ಟಿನ ಮೇಲೆ ಬಟ್ಟೆಯ ಅಥವಾ ರಬ್ಬರಿನ ಮುಚ್ಚಳ ಅಂಟಿಸಿ.

ಎಲ್ಲಕ್ಕಿಂತ ಮುಖ್ಯ, ಬೋಲ್ಟಿನ ತೂತು ಎಲ್ಲಿ ಎಂಬುದು. ಬೆನ್ನುಹಲಗೆಯ ಗೆರೆಗಿಂತ ಒಂದು ಸೆಂ.ಮೀ. ಹಿಂದೆ, ನೆಲದಿಂದ 6 ಸೆಂ.ಮೀ. ಎತ್ತರದಲ್ಲಿ. ಜನ ಬಳಸುವ ಚುರುಕಾದ ಗಾಲಿಕುರ್ಚಿಗಳಲ್ಲಿ ಹಿಂದಿನ ಚಕ್ರದ ಅಚ್ಚು ಇದಕ್ಕಿಂತ ಮುಂದಿರುತ್ತದೆ, ತಿರುಗಿಸಲು ಹಗುರ ಎಂದು. ಆದರೆ ಅವರು ಮೈ ಸಮತೋಲ ಮಾಡಿಕೊಳ್ಳುತ್ತಾರೆ. ಗೊಂಬೆಗೆ ಅದು ಆಗದು, ಅದರ ತಲೆಯೂ ಭಾರ. ಅಚ್ಚು ಮುಂದೆ ಬಂದರೆ ಹಿಂದಕ್ಕೆ ಮಗುಚುತ್ತದೆ. ಮಗುಚುವ ಕುರ್ಚಿ ಈಗಾಗಲೇ ಮಾಡಿದ್ದರೆ ಹೊಸ ತೂತು ಕೊರೆಯಿರಿ, ಕೆಳಗೆ ಕಲ್ಲು ಕಟ್ಟಿ ಭಾರ ಹೆಚ್ಚಿಸಬೇಡಿ.

ಗೊಂಬೆಯನ್ನು ಕುರ್ಚಿಗೆ ಅಂಟಿಸಬಾರದು, ಹೊಲಿಯಲೂಬಾರದು. ಸೊಂಟಕ್ಕೊಂದು ವೆಲ್ಕ್ರೋ ಬೆಲ್ಟು ಸಾಕು. ಮಲಗುವಾಗ, ಉಣ್ಣುವಾಗ, ಕೋಪ ಬಂದಾಗ ಅದು ಕೆಳಗಿಳಿಯಬೇಕು. ಬೇರೆ ಗೊಂಬೆಗಳೂ ಕುರ್ಚಿ ಏರಲಿ, ಆನೆಯೂ ಏರಲಿ. ಆಟದ ಮನೆ ಇದ್ದರೆ ಬಾಗಿಲು 16 ಸೆಂ.ಮೀ.ಗಿಂತ ಅಗಲವಿರಬೇಕು, ಬೆಕಿಯ ಗತಿ ಬರಬಾರದು. ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಲೆಕ್ಕ: 5 ಸೆಂ.ಮೀ. ಎತ್ತರದ ಜಗಲಿಗೆ 60 ಸೆಂ.ಮೀ. ಉದ್ದದ ಹಲಗೆ. ಇದು ಕಟ್ಟಡಗಳದ್ದೇ ಲೆಕ್ಕ. ದೊಡ್ಡ ಮಕ್ಕಳು ಟೇಪು ಹಿಡಿದು ತಮ್ಮ ಶಾಲೆಯ ರ‍್ಯಾಂಪನ್ನೂ ಅಳೆಯಲಿ.

ಬಣ್ಣ ಹಚ್ಚುವುದಾದರೆ ಅಟ್ಟದ ಮೇಲಿನ ಹಳೆ ಡಬ್ಬಿ ತೆರೆಯಬೇಡಿ. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಅಂಶ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿದೆಯೋ.

ಹೆಸರಿನ ಚೀಟಿ

ಗೊಂಬೆಯ ಅಂಗಿಯ ಮೇಲೆ ಅದರ ಹೆಸರನ್ನು ಬ್ರೈಲಿನಲ್ಲಿ ಹಾಕಬಹುದು. ಗಡಿನಾಡಿನವರಿಗೆ ಇದರಲ್ಲೊಂದು ಅನುಕೂಲ: ಭಾರತದ ಭಾಷೆಗಳಿಗೆಲ್ಲ ಬಳಸುವ ಭಾರತಿ ಬ್ರೈಲಿನಲ್ಲಿ ಕನ್ನಡದ ಕ ಮತ್ತು ಮಲಯಾಳದ ಕ ಒಂದೇ ಚುಕ್ಕೆಗಳು, 1 ಮತ್ತು 3. ಕಣ್ಣಿಗೆ ಬೇರೆ ಬೇರೆಯಾದ ಲಿಪಿಗಳು ಬೆರಳಿಗೆ ಒಂದೇ. ಚುಕ್ಕೆಯಿಂದ ಚುಕ್ಕೆಗೆ 2.5 ಮಿ.ಮೀ., ಎತ್ತರ ಅರ್ಧ ಮಿ.ಮೀ.; ದಾರದ ಗಂಟಿನಲ್ಲಿ ಇಷ್ಟು ಸೂಕ್ಷ್ಮ ಬರುವುದಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸ್ಲೇಟು, ಸ್ಟೈಲಸ್ ಹಿಡಿದು ಚುಚ್ಚಿ ಅಂಗಿಗೆ ಹೊಲಿಯಿರಿ. ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ ತಿರುವಿ ಬರೆಯಬೇಕು. ಮೊದಲ ಅಕ್ಷರವನ್ನು ತಿರುವಲು ಮರೆತರೆ ಮ (1-3-4) ಹೋಗಿ ಶ (1-4-6) ಆಗುತ್ತದೆ, ಮಾಲತಿ ಶಾಲತಿಯಾಗುತ್ತಾಳೆ.

ಕೊಡುವ ಮೊದಲು, ಕೊಟ್ಟ ಮೇಲೆ

ರಟ್ಟಿನಲ್ಲಿ 3.2 ಸೆಂ.ಮೀ.ಯ ತೂತು ಕತ್ತರಿಸಿ. ಅದರೊಳಗೆ ತೂರುವ ಯಾವ ಬಿಡಿಭಾಗವೂ ಮೂರು ವರ್ಷದೊಳಗಿನವರ ಗೊಂಬೆಯಲ್ಲಿ ಕಳಚಿಕೊಳ್ಳುವಂತೆ ಇರಬಾರದು. ಕೈ, ಕಾಲು, ಬೂಟು, ಬಿಲ್ಲೆ ಒಂದೊಂದನ್ನೂ ಹಿಡಿದು 7 ಕೆ.ಜಿ. ಭಾರಕ್ಕೆ ಎಳೆದು ನೋಡಿ. ಬಕೆಟಿಗೆ ಏಳು ಲೀಟರ್ ನೀರು ಹಾಕಿ ನೇತುಹಾಕಿದರೆ ಅಷ್ಟೇ ಭಾರ. ದಾರ, ರಿಬ್ಬನ್ನು 20 ಸೆಂ.ಮೀ. ದಾಟಬಾರದು, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಕುಟುಂಬಶ್ರೀ ಮಹಿಳಾ ಸಂಘಟನೆಯ ಘಟಕದವರು ಮಾರಾಟಕ್ಕೆಂದೇ ಮಾಡುವುದಾದರೆ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಮುದ್ರೆ ಕಡ್ಡಾಯ ಎಂಬುದು ನೆನಪಿರಲಿ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಇದೆ. ಆದ್ದರಿಂದ ಮೊದಲು ಆ ನೋಂದಣಿ ಮಾಡಿಸಿಕೊಳ್ಳಿ.

ಪೆಟ್ಟಿಗೆಯಲ್ಲಿ ಆರು ಗೊಂಬೆ ಇದ್ದರೆ ಎರಡಕ್ಕೆ ಸಾಧನ ಇರಲಿ, ನಾಲ್ಕಕ್ಕೆ ಬೇಡ. ಎಲ್ಲವೂ ಪೆಟ್ಟಿಗೆಗೇ ಸೇರಲಿ. ಕ್ಯಾಲಿಪರ್ ಹಾಕುವ ಮಗುವನ್ನು ಕರೆದು ‘ಇದು ನಿನ್ನದು’ ಎಂದು ಕೈಗಿಟ್ಟರೆ ಅದು ಆ ಗೊಂಬೆಯನ್ನು ದೂರ ಎಸೆಯುವ ಸಂಭವವೇ ಹೆಚ್ಚು. ಅದಕ್ಕೆ ಬೇಕಾದದ್ದು ಲಾರಿ ಇರಬಹುದು. ಮಕ್ಕಳು ಕೇಳಿಯೇ ಕೇಳುತ್ತಾರೆ: ‘ಟೀಚರ್, ಇದರ ಕಾಲಿಗೆ ಎಂತ ಆಗಿದೆ?’ ಉತ್ತರ ಎರಡು ಮಾತಿನಲ್ಲಿ ಮುಗಿಯಲಿ: ‘ಕಾಲಿಗೆ ಬಲ ಕಮ್ಮಿ, ಪಟ್ಟಿ ಹಾಕಿದರೆ ನಡೀತದೆ.’ ಪಾಪ ಎನ್ನಬೇಡಿ. ದೇವರು, ಕರ್ಮ ಎಂದು ಎಳೆಯಬೇಡಿ. ಹೊಸ ಹೊಸ ಗೌರವದ ಶಬ್ದಗಳನ್ನೂ ಹೇರಬೇಡಿ. ಮಲಯಾಳದ ಫಾರಮುಗಳಲ್ಲಿ ‘ಭಿನ್ನಶೇಷಿ’ ಎಂದಿರುತ್ತದೆ. ಅಲ್ಲಿ ಶೇಷಿ ಎಂದರೆ ಸಾಮರ್ಥ್ಯ, ಕನ್ನಡದ ಕಿವಿಗೆ ಮಾತ್ರ ಏನೋ ಉಳಿದುಹೋದ ಶೇಷದಂತೆ ಕೇಳುತ್ತದೆ. ಮಗುವಿಗೆ ಗೊಂಬೆಯ ಹೆಸರು ಸಾಕು. ಯಾರಾದರೂ ಕುಂಟಿ ಎಂದು ಕರೆದರೆ ‘ಅವಳ ಹೆಸರು ಮಾಲತಿ’ ಎಂದು ತಿದ್ದಿ ಆಟ ಮುಂದುವರಿಸಿ.

ತೊಳೆಯುವಾಗ ಸಾಧನಗಳನ್ನೆಲ್ಲ ಕಳಚಿ, ವೆಲ್ಕ್ರೋಗಳನ್ನು ಮುಚ್ಚಿಡಿ. ತೆರೆದಿದ್ದರೆ ಗೊಂಬೆಯ ಕೂದಲು ಕಚ್ಚಿಕೊಂಡು ಬರುತ್ತದೆ. ಹಿಂಡದೆ ಬೈರಾಸಿನಲ್ಲಿ ಸುತ್ತಿ ಒತ್ತಿ, ಬಲೆಯ ಚೀಲದಲ್ಲಿ ನೇತುಹಾಕಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಸಿಲು ನಂಬುವ ಹಾಗಿಲ್ಲ. ಬಚ್ಚಲೊಲೆಯ ಬಿಸಿಗೆ ತೀರ ಹತ್ತಿರ ಇಟ್ಟರೆ ನಾರು ಮುರುಟುತ್ತದೆ, ಫ್ಯಾನಿನಡಿ ಎರಡು ದಿನ ಇಡಿ. ವೆಲ್ಕ್ರೋ ಹಿಡಿಯದಂತಾದರೆ ಹೊಸದು ಹೊಲಿಯುವ ಮೊದಲು ಅದರ ಕೊಕ್ಕೆಗಳಲ್ಲಿ ಸಿಕ್ಕಿದ ಕಸವನ್ನು ಹಳೆ ಟೂತ್‌ಬ್ರಶ್ಶಿನಿಂದ ತೆಗೆದು ನೋಡಿ. ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ.